ಕಷ್ಟದ ಜಾಝ್ ಕೇಳುವುದು, ಗ್ರಾಮಫೋನ್ ಪ್ಲೇಟು ಕೂಡಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಎರಡು ಮೂರು ವರ್ಷದಿಂದ ನನಗೆ ಒಂದೇ ಥರದ ಫೋನ್ ಬರುತ್ತಿದೆ. "ಹೊಸ ಟರ್ನ್‌ಟೇಬಲ್ ತಂದೆ. ಎಲ್ಲರೂ ದೊಡ್ಡದು ಅಂತಾರಲ್ಲ, ಆ ಕೋಲ್ಟ್ರೇನ್ ಎಲ್‌ಪಿ ತರಿಸಿದೆ. ಹತ್ತು ನಿಮಿಷಕ್ಕೆ ತಲೆನೋವು ಬಂತು. ಪ್ಲೇಟು ಕೆಟ್ಟಿದೆಯೋ, ಮಷೀನ್ ಕೆಟ್ಟಿದೆಯೋ, ಸಂಗೀತವೇ ಹೀಗೋ ಒಂದೂ ಗೊತ್ತಾಗುತ್ತಿಲ್ಲ."

ಇವರೆಲ್ಲ ಎಡವಿದ್ದು ಇಲ್ಲೇ, ಆ ಕೊನೇ ಮಾತಿನಲ್ಲಿ. ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದಾಗ ಪ್ಲೇಟಿನ ಮೇಲೆ ಓಡುವ ಮುಳ್ಳು ಸರಿಯಿಲ್ಲದಿದ್ದರೆ ತಕ್ಷಣ ತಿಳಿಯುತ್ತದೆ. ಆ ದನಿ ಹೇಗಿರಬೇಕು ಅಂತ ನಮಗೆ ಗೊತ್ತು. ಕಟ್ಟುಪಾಡು ಬಿಟ್ಟು ನುಡಿಸುವ ಫ್ರೀ ಜಾಝ್‌ನಲ್ಲಿ ಸ್ಯಾಕ್ಸೋಫೋನ್ ಕಿರುಚಿದರೆ ಅದು ಕಲಾವಿದ ಬೇಕೆಂದೇ ಮಾಡಿದ್ದೋ, ಸವೆದ ಮುಳ್ಳು ಮಾಡಿದ್ದೋ ಹೊಸಬರಿಗೆ ತಿಳಿಯುವುದಿಲ್ಲ. ಯಾವ ಗದ್ದಲ ಕಲಾವಿದನದು, ಯಾವುದು ಮಷೀನಿನದು ಅಂತ ಬೇರೆ ಮಾಡೋಕೆ ಬರಬೇಕು. ಅದಕ್ಕೆ ಮೊದಲು ಕಿವಿ, ಆಮೇಲೆ ಮಷೀನ್, ಅದಾದ ಮೇಲೆ ಪ್ಲೇಟು. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಸರದಿಯಲ್ಲಿ ಮಾಡಿ.

ಏನೇನು ಬೇಕು

ಮೊದಲ ಎರಡು ಹಂತಕ್ಕೆ ಒಂದು ಒಳ್ಳೆ ಹೆಡ್‌ಫೋನ್, ಯಾವುದಾದರೂ ಸ್ಟ್ರೀಮಿಂಗ್ ಆಪ್, ಒಂದು ಶ್ರುತಿ ಆಪ್ ಸಾಕು. ಆಮೇಲೆ ಟರ್ನ್‌ಟೇಬಲ್, ಫೋನೋ ಪ್ರೀಆಂಪ್ (ಮುಳ್ಳಿನ ಸಣ್ಣ ಸಿಗ್ನಲ್ಲನ್ನು ಆಂಪ್‌ಗೆ ಸಾಕಾಗುವಷ್ಟು ಹೆಚ್ಚಿಸುವ ಪೆಟ್ಟಿಗೆ), ಆಂಪ್ಲಿಫೈಯರ್, ಎರಡು ಸ್ಪೀಕರ್ ಬೇಕು. ಸಣ್ಣ ಸಾಮಾನುಗಳನ್ನು ಜನ ಬಿಟ್ಟುಬಿಡುತ್ತಾರೆ, ತೊಂದರೆ ಬರುವುದು ಅವುಗಳಿಂದಲೇ. ಮುಳ್ಳಿನ ಭಾರ ಅಳೆಯುವ ಪುಟ್ಟ ಡಿಜಿಟಲ್ ತಕ್ಕಡಿ, ಕಾರ್ಟ್ರಿಡ್ಜ್ (ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಗೂಡು) ನೇರ ಕೂರಿಸುವ ಪ್ರೊಟ್ರಾಕ್ಟರ್ ಹಾಳೆ, ಮಟ್ಟ ನೋಡುವ ಸ್ಪಿರಿಟ್ ಲೆವೆಲ್, ಪ್ಲೇಟಿನ ಧೂಳು ತೆಗೆಯುವ ಕಾರ್ಬನ್ ಫೈಬರ್ ಬ್ರಷ್. ಈ ನಾಲ್ಕನ್ನು ಮೊದಲ ಪ್ಲೇಟಿಗಿಂತ ಮುಂಚೆ ತನ್ನಿ.

ಹಂತ 1: ಯಾವ ಆಲ್ಬಮ್, ಯಾವ ಸರದಿಯಲ್ಲಿ

ಈ ಹಂತದಲ್ಲಿ ಏನನ್ನೂ ಕೊಳ್ಳಬೇಡಿ. ಆರು ಆಲ್ಬಮ್, ಒಂದೊಂದಕ್ಕೆ ಕನಿಷ್ಠ ಎರಡು ವಾರ. ಒಂದು ಹತ್ತಿರವಾಗದೆ ಮುಂದಿನದಕ್ಕೆ ಹೋಗಬೇಡಿ.

1. ಮೈಲ್ಸ್ ಡೇವಿಸ್, "ಕೈಂಡ್ ಆಫ್ ಬ್ಲೂ", 1959. ಇದು ಕಷ್ಟದ ಆಲ್ಬಮ್ ಅಲ್ಲ, ಆದರೂ ಇಲ್ಲಿಂದಲೇ ಶುರು ಮಾಡಬೇಕು. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಜಾಝ್‌ನಲ್ಲಿ ಮೊದಲು ಕಾಡುವುದು ಗದ್ದಲವಲ್ಲ. ಕಾಲಡಿಯ ನೆಲ ಸರಿಯುವುದು. ನಮಗೆ ತಂಬೂರಿಯ ಷಡ್ಜ ಕಛೇರಿ ಮುಗಿಯುವವರೆಗೂ ಕದಲುವುದಿಲ್ಲ. ಜಾಝ್‌ನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾದ ಹಾಗೆ ಆಧಾರವೂ ಬದಲಾಗುತ್ತದೆ. ಈ ಆಲ್ಬಮ್ಮಿನ ಮೊದಲ ರಚನೆ "ಸೋ ವಾಟ್" ಅದನ್ನು ತುಂಬ ನಿಧಾನವಾಗಿ ಮಾಡುತ್ತದೆ. 32 ಬಾರ್‌ಗಳ ಒಂದು ಸುತ್ತು, ಒಂದು ಬಾರ್ ಅಂದರೆ ನಾಲ್ಕು ಎಣಿಕೆ. ಮೊದಲ 16 ಬಾರ್ ಡಿ ಡೋರಿಯನ್, ಅಂದರೆ ನಮ್ಮ ಖರಹರಪ್ರಿಯದ ಸ್ವರಗಳೇ. ಮುಂದಿನ 8 ಬಾರ್ ಅದೇ ಸ್ವರಗಳು ಅರ್ಧ ಸ್ವರ ಮೇಲೆ. ಕೊನೆಯ 8 ಬಾರ್ ಮತ್ತೆ ಮೊದಲಿನ ಜಾಗ. ಶ್ರುತಿ ಆಪ್‌ನಲ್ಲಿ ಡಿ ಹಾಕಿಕೊಂಡು ಒಂದು ಸಲ ಕೇಳಿ. ನಡುವಿನ 8 ಬಾರ್‌ನಲ್ಲಿ ಶ್ರುತಿ ಕಚ್ಚಿ ಹಿಡಿದ ಹಾಗೆ ಅಪಸ್ವರವಾಗುತ್ತದೆ, ಮತ್ತೆ ಸರಿಹೋಗುತ್ತದೆ. ಆ ಜಾಗ ಆಪ್ ಇಲ್ಲದೆಯೂ ಗೊತ್ತಾಗುವವರೆಗೆ ಮುಂದೆ ಹೋಗಬೇಡಿ.

2. ಜಾನ್ ಕೋಲ್ಟ್ರೇನ್, "ಎ ಲವ್ ಸುಪ್ರೀಮ್". ಧ್ವನಿಮುದ್ರಣವಾದದ್ದು 1964ರ ಡಿಸೆಂಬರ್ 9ರಂದು, ಹೊರಬಂದದ್ದು 1965ರಲ್ಲಿ. ಸುಮಾರು 33 ನಿಮಿಷ, ನಾಲ್ಕು ಭಾಗ. ಇದರ ಬಗ್ಗೆ ಮುಂದಿನ ಹಂತದಲ್ಲಿ ಜಾಸ್ತಿ ಹೇಳುತ್ತೇನೆ.

3. ಆರ್ನೆಟ್ ಕೋಲ್ಮನ್, "ದ ಶೇಪ್ ಆಫ್ ಜಾಝ್ ಟು ಕಮ್", 1959. ಇದರಲ್ಲಿ ಪಿಯಾನೋ ಇಲ್ಲ, ಕಾರ್ಡ್ ತೋರಿಸುವವರೇ ಇಲ್ಲ. ಅದಕ್ಕೇ ಇದು ನಮ್ಮ ಕಿವಿಗೆ ಪಶ್ಚಿಮದವರಿಗಿಂತ ಸುಲಭ ಅಂತ ನನ್ನ ಅನುಭವ. "ಲೋನ್ಲಿ ವುಮನ್" ಕೇಳಿ. ಡ್ರಮ್ಸ್ ಓಡುತ್ತಿರುತ್ತದೆ, ಮೇಲೆ ಸ್ಯಾಕ್ಸೋಫೋನ್, ಟ್ರಂಪೆಟ್ ಥರದ ಕಾರ್ನೆಟ್ ಎರಡೂ ನಿಧಾನವಾಗಿ ಅಳುತ್ತಿರುತ್ತವೆ. ಕೆಳಗೆ ಮೂರನೇ ಕಾಲ, ಮೇಲೆ ಒಂದನೇ ಕಾಲ ಅಂದುಕೊಂಡು ಕೇಳಿದರೆ ಎರಡು ವೇಗದ ಗೊಂದಲ ಹೋಗುತ್ತದೆ.

4. ಎರಿಕ್ ಡಾಲ್ಫಿ, "ಔಟ್ ಟು ಲಂಚ್", 1964. ನಿಜವಾದ ಏರುದಾರಿ ಇಲ್ಲಿಂದ. ಇಲ್ಲೂ ಪಿಯಾನೋ ಇಲ್ಲ, ಅದರ ಜಾಗದಲ್ಲಿ ಬಾಬಿ ಹಚರ್ಸನ್ ಅವರ ವೈಬ್ರಾಫೋನ್ (ಲೋಹದ ಪಟ್ಟಿ ಬಡಿದು ನುಡಿಸುವ ವಾದ್ಯ) ಇದೆ. ಅದು ಕಾರ್ಡ್‌ಗಳನ್ನು ತುಂಬುವುದಕ್ಕಿಂತ ಖಾಲಿ ಜಾಗವನ್ನು ಜಾಸ್ತಿ ಬಿಡುತ್ತದೆ. ಆ ಖಾಲಿ ಜಾಗಕ್ಕೆ ಹೆದರಬೇಡಿ. ಡಾಲ್ಫಿ ಇಲ್ಲಿ ಮೂರು ವಾದ್ಯ ನುಡಿಸುತ್ತಾರೆ: ಬಾಸ್ ಕ್ಲಾರಿನೆಟ್, ಕೊಳಲು, ಆಲ್ಟೊ ಸ್ಯಾಕ್ಸೋಫೋನ್. ಮೊದಲ ಸಲ ಯಾವುದು ಎಲ್ಲಿ ಬರುತ್ತದೆ ಅಂತ ಗುರುತು ಮಾಡಿಕೊಂಡರೆ ಸಾಕು.

5. ಆಲ್ಬರ್ಟ್ ಐಲರ್, "ಸ್ಪಿರಿಚುಯಲ್ ಯೂನಿಟಿ", 1964ರ ಜುಲೈ ತಿಂಗಳ ಧ್ವನಿಮುದ್ರಣ. ಅರ್ಧ ಗಂಟೆ, ಮೂವರೇ. "ಗೋಸ್ಟ್ಸ್" ಎರಡು ರೂಪದಲ್ಲಿದೆ. ಶುರುವಿನಲ್ಲಿ ಬರುವ ಸಣ್ಣ ಧಾಟಿ ಜನಪದ ಹಾಡಿನಷ್ಟು ಸರಳ. ಅದನ್ನು ಗುನುಗಲು ಕಲಿತ ಮೇಲೆಯೇ ಉಳಿದದ್ದನ್ನು ಕೇಳಿ. ಆ ಧಾಟಿ ಒಡೆದು ಚೂರಾಗುವಾಗ ನಿಮಗೆ ಚೂರುಗಳ ಗುರುತು ಸಿಗುತ್ತದೆ.

6. ಆರ್ನೆಟ್ ಕೋಲ್ಮನ್, "ಫ್ರೀ ಜಾಝ್". 1960ರ ಡಿಸೆಂಬರ್ 21ರಂದು ಧ್ವನಿಮುದ್ರಣವಾದದ್ದು. ಸುಮಾರು 37 ನಿಮಿಷದ ಒಂದೇ ರಚನೆ. ಸ್ಟೀರಿಯೋದಲ್ಲಿ ಎಡಗಡೆ ನಾಲ್ವರು, ಬಲಗಡೆ ನಾಲ್ವರು. ಹೆಚ್ಚಿನವರು ಸೋಲುವುದು ಎಂಟೂ ಜನರನ್ನು ಒಟ್ಟಿಗೆ ಕೇಳಲು ಹೋಗಿ. ಹೆಡ್‌ಫೋನ್ ಹಾಕಿ, ಬಲಕಿವಿಯದನ್ನು ತೆಗೆದುಬಿಡಿ. ಮೊದಲ ದಿನ ಎಡಗಡೆಯ ಕೋಲ್ಮನ್, ಡಾನ್ ಚೆರಿ, ಸ್ಕಾಟ್ ಲಫಾರೋ, ಬಿಲ್ಲಿ ಹಿಗ್ಗಿನ್ಸ್ ಮಾತ್ರ. ಮರುದಿನ ಬಲಗಡೆಯ ಡಾಲ್ಫಿ, ಫ್ರೆಡಿ ಹಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲ್ಯಾಕ್‌ವೆಲ್. ಮೂರನೇ ದಿನ ಎರಡೂ ಕಿವಿ. ಮೊನ್ನೆ ಬರೀ ಗದ್ದಲ ಅನ್ನಿಸಿದ್ದು ಎರಡು ತಂಡದ ಮಾತುಕತೆಯಾಗಿ ಬಿಡಿಸಿಕೊಳ್ಳುತ್ತದೆ. ಇದನ್ನು ಮಾಡಿ ನೋಡಿದ ಯಾರೂ ನನ್ನ ಹತ್ತಿರ ಬಂದು ಆಗಲಿಲ್ಲ ಅಂದಿಲ್ಲ.

ಮೂರು, ನಾಲ್ಕನೇ ಮೆಟ್ಟಿಲಿನ ನಡುವೆ ಸಿಕ್ಕಿಕೊಂಡರೆ ಒಂದು ಪಕ್ಕದ ದಾರಿ ಇದೆ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ "ಜ್ಯೋತಿ", 1983ರದ್ದು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ ಇರುವುದರಿಂದ ನೆಲ ನಿಮ್ಮದೇ. ಸ್ಯಾಕ್ಸೋಫೋನ್ ಹೊರಗಿನಿಂದ ಬರುತ್ತದೆ. ಇನ್ನೊಂದು, ಕದ್ರಿ ಗೋಪಾಲನಾಥ್ ಮತ್ತು ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಸೇರಿ ನುಡಿಸಿದ "ಕಿನ್ಸ್‌ಮೆನ್", 2008. ಒಂದೇ ವಾದ್ಯ ಎರಡು ಭಾಷೆ ಆಡುವುದನ್ನು ಇಲ್ಲಿ ಅಕ್ಕಪಕ್ಕ ಕೇಳಬಹುದು.

ಹಂತ 2: ಒಂದು ಆಲ್ಬಮ್ಮನ್ನು ನಾಲ್ಕು ಸಲ ಕೇಳುವ ಕ್ರಮ

ಎಲ್ಲರೂ ಸ್ಯಾಕ್ಸೋಫೋನನ್ನೇ ಹಿಂಬಾಲಿಸುತ್ತಾರೆ. ಅದೇ ಜಾಸ್ತಿ ಸದ್ದು ಮಾಡುತ್ತದೆ, ಹಾಗಾಗಿ ಸಹಜವೇ. ಆದರೆ ಕಷ್ಟದ ಜಾಝ್‌ನಲ್ಲಿ ದಾರಿ ತೋರಿಸುವುದು ಬಾಸ್, ಅಂದರೆ ಆಳದ ಸ್ವರ ನುಡಿಸುವ ದೊಡ್ಡ ತಂತಿವಾದ್ಯ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಬನ್ನಿ.

1. ಮೊದಲ ಸಲ ಬಾಸ್ ಒಂದನ್ನೇ ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಇದು ಆಗುವುದೇ ಇಲ್ಲ, ಅದರಲ್ಲಿ ಬಾಸ್ ಬರುವುದಿಲ್ಲ. ಹೆಡ್‌ಫೋನ್ ಬೇಕೇ ಬೇಕು.

2. ಎರಡನೇ ಸಲ ಡ್ರಮ್ಸ್. ಅದರಲ್ಲೂ ನಿಲ್ಲದೆ ಬಡಿಯುವ ಸಿಂಬಲ್, ಅಂದರೆ ಲೋಹದ ತಟ್ಟೆ. ತಾಳ ಹಾಕಲು ಹೋಗಬೇಡಿ. ಹಿಡಿಯದಿದ್ದರೆ ಬಿಟ್ಟುಬಿಡಿ. ಜೋರು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಷ್ಟು ಗೊತ್ತಾದರೆ ಸಾಕು.

3. ಮೂರನೇ ಸಲ ಊದುವ ವಾದ್ಯ. ಈಗ ಅದು ಯಾರಿಗೆ ಉತ್ತರ ಕೊಡುತ್ತಿದೆ ಅಂತ ನೋಡಿ.

4. ನಾಲ್ಕನೇ ಸಲ ಸುಮ್ನೆ ಕುಳಿತುಕೊಳ್ಳಿ. ಯಾವ ಪ್ರಯತ್ನವೂ ಬೇಡ.

ಹತ್ತಿರದಿಂದ ಒಂದು ಉದಾಹರಣೆ ನೋಡೋಣ. "ಎ ಲವ್ ಸುಪ್ರೀಮ್" ಒಂದು ಗಾಂಗ್ ಬಡಿತದಿಂದ ಶುರುವಾಗುತ್ತದೆ. ಸ್ಯಾಕ್ಸೋಫೋನ್ ಸ್ವಲ್ಪ ಹೊತ್ತು ಬಾಗಿಲು ತೆರೆದ ಹಾಗೆ ನುಡಿಯುತ್ತದೆ. ಅದು ನಿಂತ ಮೇಲೆ ಜಿಮ್ಮಿ ಗ್ಯಾರಿಸನ್ ಬಾಸ್‌ನಲ್ಲಿ ನಾಲ್ಕು ಸ್ವರ ಹಿಡಿಯುತ್ತಾರೆ. ಅದೇ ನಾಲ್ಕು ಸ್ವರ, ಮತ್ತೆ ಮತ್ತೆ. ಅದನ್ನು ಬಾಯಲ್ಲಿ ಹೇಳಿಕೊಳ್ಳಿ. ಮೊದಲ ಭಾಗದ ಕೊನೆಯ ಹತ್ತಿರ ಕೋಲ್ಟ್ರೇನ್ ಅದೇ ಸ್ವರಗಳನ್ನು ಎತ್ತಿಕೊಂಡು ಒಂದೊಂದೇ ಆಧಾರಕ್ಕೆ ಬದಲಿಸುತ್ತ ಹನ್ನೆರಡೂ ಜಾಗದಲ್ಲಿ ನುಡಿಸುತ್ತಾರೆ. ಬಾಸ್ ಗೊತ್ತಿಲ್ಲದವರಿಗೆ ಇದು ದಿಕ್ಕು ತಪ್ಪಿದ ಅಲೆದಾಟ. ಗೊತ್ತಿದ್ದವರಿಗೆ ಅದು ಒಂದೇ ಹೆಸರನ್ನು ಮನೆ ಮನೆಯ ಬಾಗಿಲಲ್ಲಿ ನಿಂತು ಕೂಗಿದ ಹಾಗೆ. ಆಮೇಲೆ ಮನುಷ್ಯ ದನಿ ಬಂದು ಅದೇ ನಾಲ್ಕು ಸ್ವರಕ್ಕೆ ಆಲ್ಬಮ್ಮಿನ ಹೆಸರು ಹೇಳುತ್ತದೆ.

ಕೊನೆಯ ಭಾಗ "ಸಾಮ್". ಕೋಲ್ಟ್ರೇನ್ ಬರೆದ ಪ್ರಾರ್ಥನೆಯ ಕವಿತೆ ಕವರಿನ ಒಳಗೆ ಅಚ್ಚಾಗಿದೆ. ಅದನ್ನು ಎದುರಿಗೆ ಇಟ್ಟುಕೊಂಡು ಕೇಳಿ. ಸ್ಯಾಕ್ಸೋಫೋನ್ ಆ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ನಮ್ಮ ಪಿಟೀಲು ವಿದ್ವಾಂಸರು ಕೃತಿಯ ಸಾಹಿತ್ಯವನ್ನೇ ಕಮಾನಿನಲ್ಲಿ ನುಡಿಸುತ್ತಾರಲ್ಲ, ಹಾಗೆಯೇ. ಇದು ತಿಳಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಈ ಹಂತದ ತಪ್ಪುಗಳಲ್ಲಿ ಮುಖ್ಯವಾದದ್ದು ವಾಲ್ಯೂಮ್. ಗದ್ದಲ ಅಂತ ಸೌಂಡ್ ಕಡಿಮೆ ಮಾಡುತ್ತಾರೆ. ಕಡಿಮೆ ಸೌಂಡಿನಲ್ಲಿ ನಮ್ಮ ಕಿವಿಗೆ ಮೊದಲು ಕಾಣೆಯಾಗುವುದು ಬಾಸ್. ಉಳಿಯುವುದು ಸ್ಯಾಕ್ಸೋಫೋನಿನ ಚೂಪು ಮಾತ್ರ. ಆಗ ಇನ್ನೂ ಕಿರಿಕಿರಿ ಆಗುತ್ತದೆ. ಕೋಣೆಯಲ್ಲಿ ಒಬ್ಬರು ಗಟ್ಟಿಯಾಗಿ ಮಾತಾಡಿದಷ್ಟು ಸೌಂಡ್ ಇರಲಿ. ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೀರಿ ಅನ್ನಿಸಿದರೆ ಆ ದಿನಕ್ಕೆ ನಿಲ್ಲಿಸಿ. ಮುಗಿಸಲೇಬೇಕು ಅಂತ ಹಠ ಬೇಡ.

ಹಂತ 3: ಟರ್ನ್‌ಟೇಬಲ್ ಆರಿಸುವುದು

ಮುಳ್ಳಿನ ಭಾರ ಹೊಂದಿಸಲು ಬರುವ ತೋಳು ಇರಲೇಬೇಕು. ಹಿಂದುಗಡೆ ತಿರುಗಿಸುವ ಗುಂಡು ತೂಕ, ಪಕ್ಕದಲ್ಲಿ ಆಂಟಿ-ಸ್ಕೇಟ್ ಗುಂಡಿ (ತೋಳು ಪ್ಲೇಟಿನ ನಡುವಿಗೆ ಎಳೆದುಕೊಂಡು ಹೋಗದ ಹಾಗೆ ತಡೆಯುವುದು). ಇವೆರಡು ಇದ್ದರೆ ಬೆಲ್ಟಿನಿಂದ ತಿರುಗುವ ಬೆಲ್ಟ್ ಡ್ರೈವ್ ಆದರೂ ಸರಿ, ಮೋಟಾರೇ ನೇರ ತಿರುಗಿಸುವ ಡೈರೆಕ್ಟ್ ಡ್ರೈವ್ ಆದರೂ ಸರಿ.

ಸೂಟ್‌ಕೇಸ್ ಆಕಾರದ, ಒಳಗೇ ಸ್ಪೀಕರ್ ಇರುವ ಅಗ್ಗದ ಮಷೀನ್ ತರಬೇಡಿ. ಅವುಗಳ ಮುಳ್ಳು ಸಾಮಾನ್ಯವಾಗಿ ಪ್ಲೇಟನ್ನು ಜಾಸ್ತಿ ಒತ್ತುತ್ತದೆ, ಒತ್ತಡ ಕಡಿಮೆ ಮಾಡಲು ಏನೂ ದಾರಿ ಇರುವುದಿಲ್ಲ. ಕೆಳಗೇ ಸ್ಪೀಕರ್ ಇರುವುದರಿಂದ ಅದರ ನಡುಕವೂ ಮುಳ್ಳಿಗೆ ಹತ್ತುತ್ತದೆ.

ಅಮೆರಿಕದಿಂದ ಅಣ್ಣನೋ ಭಾವನೋ ಹಳೇ ಟರ್ನ್‌ಟೇಬಲ್ ತರುತ್ತಾರೆ ಅಂದರೆ ಮೊದಲು ಮೋಟಾರ್ ಯಾವುದು ಅಂತ ಕೇಳಿ. ಹಳೆಯ ಎಸಿ ಮೋಟಾರ್ ಅಲ್ಲಿನ 60 ಹರ್ಟ್ಸ್ ಕರೆಂಟಿಗೆ ಮಾಡಿದ್ದಾದರೆ ನಮ್ಮ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು ಸುಮಾರು 27.8 ಸುತ್ತು ತಿರುಗುತ್ತದೆ. ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೂ ಇದು ಸರಿಹೋಗುವುದಿಲ್ಲ. ಡಿಸಿ ಅಡಾಪ್ಟರ್‌ನಲ್ಲಿ ಓಡುವ ಹೊಸ ಮಷೀನುಗಳಿಗೆ ಈ ತೊಂದರೆ ಇಲ್ಲ.

ಹಂತ 4: ಮುಳ್ಳು ಕೂರಿಸುವುದು

ಇಡೀ ಮಾರ್ಗದರ್ಶಿಯಲ್ಲಿ ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಇಟ್ಟುಕೊಳ್ಳಿ. ಮಕ್ಕಳು, ಫೋನ್ ಎರಡೂ ದೂರ ಇರಲಿ.

1. ಮಷೀನನ್ನು ಅಲುಗದ ಮೇಜಿನ ಮೇಲೆ ಇಡಿ. ಸ್ಪೀಕರ್ ಅದೇ ಮೇಜಿನ ಮೇಲೆ ಬೇಡ. ಸ್ಪಿರಿಟ್ ಲೆವೆಲ್ಲಿನಿಂದ ಎರಡೂ ದಿಕ್ಕಿಗೆ ಮಟ್ಟ ನೋಡಿ.

2. ಆಂಟಿ-ಸ್ಕೇಟ್ ಸೊನ್ನೆಗೆ ತನ್ನಿ. ಮುಳ್ಳಿನ ಮುಚ್ಚಳ ತೆಗೆಯಿರಿ. ಹಿಂದಿನ ಗುಂಡನ್ನು ತಿರುಗಿಸುತ್ತ ತೋಳು ತಕ್ಕಡಿಯ ಹಾಗೆ ಗಾಳಿಯಲ್ಲಿ ಸಮವಾಗಿ ನಿಲ್ಲುವಂತೆ ಮಾಡಿ.

3. ಗುಂಡನ್ನು ಅಲುಗಿಸದೆ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತಿರುಗಿಸಿ. ಇಲ್ಲೇ ಎಲ್ಲರೂ ತಪ್ಪುವುದು. ಗುಂಡೂ ಜೊತೆಗೆ ತಿರುಗಿದರೆ ಮತ್ತೆ ಈ ಪಟ್ಟಿಯ ಎರಡನೇ ಕೆಲಸದಿಂದ ಶುರು ಮಾಡಿ.

4. ಈಗ ಗುಂಡು, ಬಳೆ ಎರಡನ್ನೂ ಒಟ್ಟಿಗೆ ತಿರುಗಿಸಿ ಕಾರ್ಟ್ರಿಡ್ಜ್ ಕಂಪನಿ ಹೇಳಿದ ಭಾರಕ್ಕೆ ತನ್ನಿ. ಆಡಿಯೋ-ಟೆಕ್ನಿಕಾ ವಿಎಂ95ಇ ಆದರೆ 2.0 ಗ್ರಾಂ. ಆರ್ಟೊಫೋನ್ 2ಎಂ ರೆಡ್ ಆದರೆ 1.8 ಗ್ರಾಂ. ಡಿಜಿಟಲ್ ತಕ್ಕಡಿಯ ಮೇಲೆ ಮುಳ್ಳು ಇಳಿಸಿ ಖಚಿತ ಮಾಡಿಕೊಳ್ಳಿ.

5. ಆಂಟಿ-ಸ್ಕೇಟ್ ಅದೇ ಅಂಕಿಗೆ ಇಡಿ.

6. ಪ್ರೊಟ್ರಾಕ್ಟರ್ ಹಾಳೆ ಹಾಕಿ, ಅದರ ಎರಡೂ ಚುಕ್ಕೆಯ ಮೇಲೆ ಮುಳ್ಳು ಇಟ್ಟಾಗ ಕಾರ್ಟ್ರಿಡ್ಜ್ ಗೆರೆಗಳಿಗೆ ನೇರವಾಗಿದೆಯಾ ನೋಡಿ. ಕಾರ್ಟ್ರಿಡ್ಜ್ ಜಾಗ ಬದಲಿಸಿದರೆ ಭಾರವನ್ನು ಮತ್ತೆ ಅಳೆಯಿರಿ.

7. ವೇಗ ನೋಡಿ. ಇದಕ್ಕೆ ಯಂತ್ರ ಬೇಡ. ಪ್ಲೇಟಿನ ಅಂಚಿಗೆ ಸಣ್ಣ ಚೀಟಿ ಇಟ್ಟು, ಮುಳ್ಳು ಇಳಿಸಿದ ಸ್ಥಿತಿಯಲ್ಲೇ ಸುತ್ತು ಎಣಿಸಿ. 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು.

ಭಾರ ಕಡಿಮೆ ಇದ್ದರೆ ಪ್ಲೇಟಿಗೆ ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಭಾರ ಸಾಲದ ಮುಳ್ಳು ಪ್ಲೇಟಿನಲ್ಲಿ ಕೊರೆದ ಗೆರೆಯ ಗೋಡೆಗೆ ಕುಣಿದು ಬಡಿಯುತ್ತದೆ, ಅದರಿಂದಲೇ ಜಾಸ್ತಿ ಹಾಳು.

ಇನ್ನು ಒಳಗೆರೆಯ ವಿಷಯ. ಪ್ಲೇಟಿನ ಹೊರಗಡೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ. ಲೇಬಲ್ ಹತ್ತಿರ ಬರುವಾಗ ಅದು 21 ಸೆಂಟಿಮೀಟರ್‌ಗೆ ಇಳಿಯುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತದೆ. ಜೋಡಣೆ ಸ್ವಲ್ಪ ತಪ್ಪಿದರೂ ಅಲ್ಲಿ ಸದ್ದು ಒಡೆಯುತ್ತದೆ. ಜಾಝ್‌ನಲ್ಲಿ ಬದಿಯ ಕೊನೆ ಹೊತ್ತಿಗೇ ಎಲ್ಲರೂ ಜೋರಾಗಿ ನುಡಿಸುತ್ತಿರುವುದು ಜಾಸ್ತಿ, ಅಲ್ವಾ? ನನ್ನ ಸ್ನೇಹಿತರೊಬ್ಬರು ಒಂದು ವರ್ಷ ಪೂರ್ತಿ ಇದನ್ನು ಐಲರ್ ಶೈಲಿ ಅಂದುಕೊಂಡಿದ್ದರು. ಅವರ ಮನೆಯ ಮುಳ್ಳನ್ನು ಸರಿಯಾಗಿ ಕೂರಿಸಿದ ಸಂಜೆ ಅದೇ ಪ್ಲೇಟಿನಲ್ಲಿ ಗ್ಯಾರಿ ಪೀಕಾಕ್ ಬಾಸ್ ಬಿಡಿಬಿಡಿಯಾಗಿ ಕೇಳಿತು. ಅವರು ಅದನ್ನು ಮೂರು ಸಲ ಹಾಕಿದರು.

ಹಾಗಾಗಿ ಪರೀಕ್ಷೆಗೆ ಯಾವತ್ತೂ ಕಷ್ಟದ ಪ್ಲೇಟು ಹಾಕಬೇಡಿ. "ಕೈಂಡ್ ಆಫ್ ಬ್ಲೂ" ಹಾಕಿ. ಮೊದಲ ಹಂತದಲ್ಲೇ ಅದನ್ನು ಬಾಯಿಪಾಠ ಮಾಡಿದ್ದು ಇದಕ್ಕೇ. ಬಿಲ್ ಇವಾನ್ಸ್ ಪಿಯಾನೋ ಸ್ವರ ಅಲುಗಾಡಿದರೆ ವೇಗದ ತೊಂದರೆ, ಇಲ್ಲವೇ ಪ್ಲೇಟಿನ ತೂತು ನಡುವಿಗಿಲ್ಲ. ಟ್ರಂಪೆಟ್ ಬದಿಯ ಕೊನೆಯಲ್ಲಿ ಮಾತ್ರ ಸೀಳಿದರೆ ಜೋಡಣೆ ತಪ್ಪಿದೆ. ಒಂದೇ ಕಡೆಯ ಸ್ಪೀಕರಿನಲ್ಲಿ ಸದ್ದು ಒಡೆದರೆ ಆಂಟಿ-ಸ್ಕೇಟ್ ನೋಡಿ. ಸದ್ದು ತೀರ ಸಣ್ಣಗೆ, ಬಾಸ್ ಇಲ್ಲದೆ ಬಂದರೆ ಫೋನೋ ಪ್ರೀಆಂಪ್ ಸೇರಿಲ್ಲ. ಶುರುವಿನಿಂದಲೇ ಎಲ್ಲ ಒಡೆದು ಬಂದರೆ ಎರಡು ಪ್ರೀಆಂಪ್ ಒಟ್ಟಿಗೆ ಸೇರಿವೆ, ಮಷೀನ್ ಹಿಂದಿನ ಸ್ವಿಚ್ಚನ್ನೂ ಆಂಪ್‌ನ ಇನ್‌ಪುಟ್ಟನ್ನೂ ನೋಡಿ. ಜುಂಯ್ ಅಂತ ಒಂದೇ ಸಮ ಗುಂಯ್‌ಗುಟ್ಟಿದರೆ ಗ್ರೌಂಡ್ ವೈರ್ ಕಟ್ಟಿಲ್ಲ.

ಒಂದು ಎಚ್ಚರಿಕೆ. ಈ ಆಲ್ಬಮ್ಮಿನ ಹಳೇ ಪ್ರತಿಗಳಲ್ಲಿ ಮೊದಲ ಬದಿಯ ಮೂರೂ ರಚನೆ ನಿಜವಾದ ಶ್ರುತಿಗಿಂತ ಸ್ವಲ್ಪ ಮೇಲಿವೆ. ಧ್ವನಿಮುದ್ರಣದ ದಿನ ಟೇಪ್ ಮಷೀನ್ ನಿಧಾನ ಓಡಿತ್ತು. 1992ರ ಮರುಮುದ್ರಣದಲ್ಲಿ ಸರಿ ಮಾಡಿದರು. ಶ್ರುತಿ ಆಪ್ ಇಟ್ಟುಕೊಂಡು ಹಳೇ ಪ್ರತಿಯಲ್ಲಿ ವೇಗ ಹೊಂದಿಸಲು ಹೋದರೆ ಸರಿಯಿದ್ದ ಮಷೀನನ್ನು ಕೆಡಿಸುತ್ತೀರಿ. ಸುತ್ತು ಎಣಿಸುವುದನ್ನೇ ನಂಬಿ.

ಹಂತ 5: ಯಾವ ಪ್ರತಿ ಕೊಳ್ಳಬೇಕು

ಮೊದಲ ಹತ್ತು ಪ್ಲೇಟು ಒಳ್ಳೆಯ ಮರುಮುದ್ರಣವೇ ಆಗಿರಲಿ. "ಔಟ್ ಟು ಲಂಚ್" ಮೊದಲ ಮುದ್ರಣಕ್ಕೆ ಹತ್ತಾರು ಸಾವಿರ ರೂಪಾಯಿ ಕೊಟ್ಟು, ಅದು ಸವೆದಿದ್ದರೆ ನಿಮಗೆ ಮತ್ತೆ ಅದೇ ಹಳೇ ಪ್ರಶ್ನೆ: ಗದ್ದಲ ಯಾರದು?

ಬ್ಲೂ ನೋಟ್ ಕಂಪನಿಯ ಕ್ಲಾಸಿಕ್ ವಿನೈಲ್ ಸರಣಿ, ದಪ್ಪ ಕವರಿನ ಟೋನ್ ಪೊಯೆಟ್ ಸರಣಿ ಎರಡನ್ನೂ ಕೆವಿನ್ ಗ್ರೇ ಕತ್ತರಿಸಿದ್ದಾರೆ, ಅಂದರೆ ಟೇಪಿನಿಂದ ಪ್ಲೇಟಿನ ಮೂಲ ಗೆರೆ ಕೊರೆದಿದ್ದಾರೆ. "ಎ ಲವ್ ಸುಪ್ರೀಮ್"ಗೆ 2020ರಲ್ಲಿ ಶುರುವಾದ ಅಕೌಸ್ಟಿಕ್ ಸೌಂಡ್ಸ್ ಸರಣಿ ನೋಡಿ. ಇವು ಅಗ್ಗವಲ್ಲ. ತಿಂಗಳಿಗೊಂದು ಮಾತ್ರ ತನ್ನಿ. ಹೊರದೇಶದಿಂದ ತರಿಸುವಾಗ ಸಾಗಣೆ, ಕಸ್ಟಮ್ಸ್ ಸುಂಕ ಎರಡನ್ನೂ ಮೊದಲೇ ಲೆಕ್ಕ ಹಾಕಿ. ಇಬ್ಬರು ಮೂವರು ಸೇರಿ ಒಟ್ಟಿಗೆ ತರಿಸಿದರೆ ಸಾಗಣೆ ಹಗುರಾಗುತ್ತದೆ.

ತುಂಬ ಅಗ್ಗಕ್ಕೆ ಸಿಗುವ ಯುರೋಪಿನ ಪ್ರತಿಗಳ ಬಗ್ಗೆ ಎಚ್ಚರ. ಅಲ್ಲಿ 1962ರ ಕೊನೆಯವರೆಗೆ ಹೊರಬಂದ ಧ್ವನಿಮುದ್ರಣಗಳ ಹಕ್ಕು ಮುಗಿದಿದೆ, ಯಾರು ಬೇಕಾದರೂ ಹಾಕಬಹುದು. ಹಲವರು ಮೂಲ ಟೇಪ್ ಇಲ್ಲದೆ ಸಿಡಿಯಿಂದಲೇ ಪ್ಲೇಟು ಮಾಡುತ್ತಾರೆ. ಕವರ್ ಮೇಲೆ ಮೂಲ ಕಂಪನಿಯ ಗುರುತು ಇಲ್ಲದಿರುವುದು, ಕತ್ತರಿಸಿದವರ ಹೆಸರು ಎಲ್ಲೂ ಇಲ್ಲದಿರುವುದು, ಮೂಲದಲ್ಲಿ ಇರದ ಹಾಡುಗಳನ್ನು ಕೊನೆಗೆ ಸೇರಿಸಿರುವುದು ಇದರ ಲಕ್ಷಣ. ಕಾನೂನಿನ ತಪ್ಪಿಲ್ಲ. ಆದರೆ ಕಲಿಯುವವರಿಗೆ ಅದು ಬೇಡ.

ಮುಂದೆ ಮೂಲ ಪ್ರತಿ ಹುಡುಕುವ ದಿನ ಬಂದರೆ ಕವರ್ ನೋಡಿ ನಿರ್ಧರಿಸಬೇಡಿ. ಕೊನೆಯ ಗೆರೆಗೂ ಲೇಬಲ್ಲಿಗೂ ನಡುವೆ ಖಾಲಿ ಪಟ್ಟಿ ಇರುತ್ತದೆ. ಅಲ್ಲಿ ಕೆತ್ತಿದ್ದೇ ಸಾಕ್ಷಿ. "ಔಟ್ ಟು ಲಂಚ್" ಮೊದಲ ಮುದ್ರಣವಾದರೆ ಅಲ್ಲಿ ಧ್ವನಿಮುದ್ರಣ ಮಾಡಿದ ಎಂಜಿನಿಯರ್ ವ್ಯಾನ್ ಗೆಲ್ಡರ್ ಹೆಸರಿನ ಮುದ್ರೆ, ಜೊತೆಗೆ ಕಿವಿಯ ಆಕಾರದ ಸಣ್ಣ ಗುರುತು ಇರಬೇಕು. ಆ ಕಿವಿ ಪ್ಲಾಸ್ಟಿಲೈಟ್ ಕಾರ್ಖಾನೆಯದು. ಬ್ಲೂ ನೋಟನ್ನು ಲಿಬರ್ಟಿ ಕಂಪನಿ ಕೊಂಡ ಮೇಲೆ, 1966ರಿಂದ ಅದು ಕಾಣುವುದಿಲ್ಲ. ವ್ಯಾನ್ ಗೆಲ್ಡರ್ ಮುದ್ರೆ ಇದ್ದು ಕಿವಿ ಇಲ್ಲದಿದ್ದರೆ ಅದು ಲಿಬರ್ಟಿ ಕಾಲದ ಅಥವಾ ಆಮೇಲಿನ ಪ್ರತಿ. ಸದ್ದು ಚೆನ್ನಾಗಿಯೇ ಇರುತ್ತದೆ, ಮೂಲದ ಬೆಲೆ ಮಾತ್ರ ಕೊಡಬೇಡಿ. ಮಾರುವವರು ಈ ಪಟ್ಟಿಯ ಫೋಟೋ ಕಳಿಸಲು ಒಪ್ಪದಿದ್ದರೆ ಬಿಟ್ಟುಬಿಡಿ.

ಹಂತ 6: ಹಳೇ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡುವುದು

ಮಾರುವವರ ಭಾಷೆ ಮೊದಲು ಕಲಿಯಿರಿ. ನಿಯರ್ ಮಿಂಟ್ ಅಂದರೆ ಹೊಸದರ ಹಾಗೆ. ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಅಂದರೆ ಸಣ್ಣ ಗುರುತು, ಕೇಳಲು ತೊಂದರೆ ಇಲ್ಲ. ವಿಜಿ ಅಂದರೆ ಚಿಟಪಟ ಕೇಳುತ್ತದೆ. ಜಿ, ಅಂದರೆ ಗುಡ್, ಹೆಸರಿಗೆ ಒಳ್ಳೆಯದು. ಕೇಳಲು ಆಗುವುದಿಲ್ಲ. ಇದು ತಿಳಿಯದೆ ದುಡ್ಡು ಕಳೆದುಕೊಂಡವರು ಬಹಳ.

ಅಂಗಡಿಯಲ್ಲಾಗಲಿ, ಭಾನುವಾರದ ಸಂತೆಯಲ್ಲಾಗಲಿ, ಪ್ಲೇಟನ್ನು ಅಂಚು ಮತ್ತು ಲೇಬಲ್ ಹಿಡಿದು ಹೊರತೆಗೆಯಿರಿ. ಫೋನಿನ ಟಾರ್ಚ್ ಓರೆಯಾಗಿ ಬಿಡಿ. ಗೀರು ಕಂಡರೆ ಉಗುರನ್ನು ಮೆಲ್ಲಗೆ ಅಡ್ಡ ಓಡಿಸಿ. ಉಗುರಿಗೆ ತಗುಲಿದರೆ ಆ ಜಾಗದಲ್ಲಿ 1.8 ಸೆಕೆಂಡಿಗೆ ಒಂದು ಟಿಕ್ ಗ್ಯಾರಂಟಿ. ಆಮೇಲೆ ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ತಂದು ಸೊಟ್ಟ ಇದೆಯಾ ನೋಡಿ. ಕೊನೆಗೆ ನಡುವಿನ ತೂತು. ಅದರ ಸುತ್ತ ಲೇಬಲ್ ಮೇಲೆ ಬಿಳಿ ಗೆರೆಗಳ ಜಾಲ ಇದ್ದರೆ ಆ ಪ್ಲೇಟು ನೂರಾರು ಸಲ ತಿರುಗಿದೆ.

ಗೀರು ಬೇರೆ, ಸವೆತ ಬೇರೆ. ಇದು ಕಷ್ಟದ ಜಾಝ್ ಕೊಳ್ಳುವವರಿಗೆ ತುಂಬ ಮುಖ್ಯ. ಪೀಟರ್ ಬ್ರೋಟ್ಸ್‌ಮನ್ ಅವರ 1968ರ "ಮಷೀನ್ ಗನ್" ಥರದ ಜೋರು ಆಲ್ಬಮ್‌ನಲ್ಲಿ ಸಣ್ಣ ಗೀರಿನ ಟಿಕ್ ಮುಚ್ಚಿಹೋಗುತ್ತದೆ, ವಿಜಿ ಪ್ರತಿಯಾದರೂ ನಡೆಯುತ್ತದೆ. "ಎ ಲವ್ ಸುಪ್ರೀಮ್" ಮೂರನೇ ಭಾಗದ ಕೊನೆಯಲ್ಲಿ ಬಾಸ್ ಒಂಟಿಯಾಗಿ ನುಡಿಯುತ್ತದೆ. ಅಲ್ಲಿ ಧೂಳಿನ ಕಣವೂ ಕೇಳುತ್ತದೆ, ನಿಯರ್ ಮಿಂಟ್ ಬೇಕು. ಸವೆತ ಮಾತ್ರ ಉಲ್ಟಾ. ಸೌಂಡ್ ಜೋರಾದಷ್ಟೂ ಸವೆದ ಗೆರೆ ಹೆಚ್ಚು ಸೀಳುತ್ತದೆ. ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ ಜೋರು ಆಲ್ಬಮ್ಮನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಆನ್‌ಲೈನ್‌ನಲ್ಲಿ ನಿಯರ್ ಮಿಂಟ್ ಅಂತ ನಾನು ಕೊಂಡ ಒಂದು ಪ್ಲೇಟಿನಲ್ಲಿ ಒಂದೂ ಗೀರಿರಲಿಲ್ಲ, ಬೂದಿ ಬಣ್ಣ ಮಾತ್ರ ಇತ್ತು. ಫೋಟೋದಲ್ಲಿ ಅದು ಗೊತ್ತಾಗಲಿಲ್ಲ. ಅಂದಿನಿಂದ ಓರೆ ಬೆಳಕಿನ ಫೋಟೋ ಕೇಳದೆ ದುಡ್ಡು ಕಳಿಸಿಲ್ಲ.

ಹಂತ 7: ತೊಳೆಯುವುದು, ಇಡುವುದು

ಹೊಸ ಪ್ಲೇಟನ್ನೂ ಒಂದು ಸಲ ತೊಳೆಯಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಅದರ ಸುಣ್ಣ ಗೆರೆಯಲ್ಲೇ ಕೂರುತ್ತದೆ. ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ, ದುಂಡಗೆ ಒರೆಸಿ. ಅಡ್ಡ ಉಜ್ಜಬೇಡಿ. ಲೇಬಲ್ ಒದ್ದೆ ಆಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ಒಣಗಿಸಿ.

ಅಜ್ಜನ ಕಾಲದ 78 ಸುತ್ತಿನ ಪ್ಲೇಟುಗಳಿಗೆ ಈ ನೀರು ಹಾಕಬೇಡಿ. ಅವು ಅರಗಿನವು, ಆಲ್ಕೋಹಾಲ್ ತಗುಲಿದರೆ ಕರಗುತ್ತವೆ. ಎಲ್‌ಪಿ ಮುಳ್ಳಲ್ಲಿ ಅವುಗಳನ್ನು ಹಾಕಲೂಬಾರದು, ಗೆರೆಯ ಅಗಲವೇ ಬೇರೆ.

ಪ್ಲೇಟನ್ನು ನೇರ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಬೇಡಿ, ಓರೆಯಾಗಿಯೂ ಬೇಡ. ಕವರ್ ಸಮೇತ ಒಂದಕ್ಕೆ ಕಾಲು ಕೆಜಿ ಹಿಡಿದರೂ ನೂರಕ್ಕೆ 25 ಕೆಜಿ ಆಗುತ್ತದೆ, ಕಪಾಟು ಗಟ್ಟಿ ಇರಲಿ. ಬಿಸಿಲು ಬೀಳುವ ಗೋಡೆ, ನಿಲ್ಲಿಸಿದ ಕಾರು ಎರಡೂ ಪ್ಲೇಟನ್ನು ಹಪ್ಪಳ ಮಾಡುತ್ತವೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕಪಾಟಿನ ಬಾಗಿಲು ಪೂರ್ತಿ ಮುಚ್ಚಬೇಡಿ. ಸಿಲಿಕಾ ಜೆಲ್ ಇಡಿ, ಹದಿನೈದು ದಿನಕ್ಕೊಮ್ಮೆ ಒಂದೆರಡು ಪ್ಲೇಟು ತೆಗೆದು ಬೂಷ್ಟಿನ ಬಿಳಿ ಚುಕ್ಕೆ ಇದೆಯಾ ನೋಡಿ. ಕಾಗದದ ಒಳಕವರ್ ಬದಲು ಆಂಟಿ-ಸ್ಟ್ಯಾಟಿಕ್ ಕವರ್ ಹಾಕಿ. ಮೂಲ ಒಳಕವರನ್ನು ಬಿಸಾಡಬೇಡಿ, ಹೊರಕವರಿನಲ್ಲೇ ಇರಲಿ.

ಹಂತ 8: ಮುಂದಿನ ಪ್ಲೇಟು ಯಾವಾಗ

ಮನೆಯಲ್ಲಿರುವ ಪ್ಲೇಟಿನ ಎರಡೂ ಬದಿ ನಾಲ್ಕು ನಾಲ್ಕು ಸಲ ಕೇಳಿ ಮುಗಿದ ಮೇಲೆ. ಅದಕ್ಕಿಂತ ಮುಂಚೆ ಬೇಡ. ಪ್ರತಿ ಪ್ಲೇಟಿನ ಒಳಗೆ ಒಂದು ಚೀಟಿ ಇಟ್ಟು ಕೇಳಿದ ದಿನ ಬರೆಯಿರಿ. ಆ ಚೀಟಿಗಳಿಂದ ಮುಳ್ಳು ಎಷ್ಟು ಗಂಟೆ ಓಡಿದೆ ಅಂತಲೂ ಲೆಕ್ಕ ಸಿಗುತ್ತದೆ. ಮಾಮೂಲಿ ಮುಳ್ಳು ಸುಮಾರು 300ರಿಂದ 500 ಗಂಟೆಗೆ ಬದಲಿಸಬೇಕು. ಚೆನ್ನಾಗಿ ಗೊತ್ತಿರುವ ಪ್ಲೇಟಿನ ಸಿಂಬಲ್ ಮರಳು ಉಜ್ಜಿದ ಹಾಗೆ ಕೇಳತೊಡಗಿದರೆ ಲೆಕ್ಕ ಕಾಯಬೇಡಿ, ಆಗಲೇ ಬದಲಿಸಿ.

ಮೊದಲ ಹಂತದ ಆರು ಆಲ್ಬಮ್ ಮುಗಿದ ಮೇಲೆ ಕೋಲ್ಟ್ರೇನ್ ಅವರ "ಅಸೆನ್ಶನ್" ಕೊಳ್ಳಿ. 1965ರ ಜೂನ್ 28ರಂದು ಹನ್ನೊಂದು ಜನ ಸೇರಿ ನುಡಿಸಿದ್ದು. ನನಗೆ ಮೊದಲು ಫೋನ್ ಮಾಡಿದವರಲ್ಲಿ ಬಹಳ ಮಂದಿ ಶುರು ಮಾಡಿ ಸೋತದ್ದು ಇದರಿಂದಲೇ. ಅವತ್ತು ಇದನ್ನು ಎರಡು ಸಲ ನುಡಿಸಿದ್ದರು. ಮೊದಲು ಒಂದನ್ನು ಹೊರತಂದು, ಆಮೇಲೆ ಕೋಲ್ಟ್ರೇನ್ ಇಷ್ಟದಂತೆ ಇನ್ನೊಂದನ್ನು ಅದೇ ಕವರ್, ಅದೇ ನಂಬರಿನಲ್ಲಿ ಹಾಕಿದರು. ಹಳೇ ಪ್ರತಿ ಸಿಕ್ಕರೆ ಟಾರ್ಚ್ ಹಿಡಿದು ಖಾಲಿ ಪಟ್ಟಿ ನೋಡಿ. ಅಲ್ಲಿ "ಎಡಿಷನ್ II" ಅಂತ ಕೆತ್ತಿದ್ದರೆ ಅದು ಬದಲಿಸಿದ ಮೇಲಿನದು, ಇಲ್ಲದಿದ್ದರೆ ಮೊದಲಿನದು. ಹಾಕಿದಾಗ ಮೊದಲು ಬಾಸ್ ಹುಡುಕಿ. ಇದರಲ್ಲಿ ಬಾಸ್ ನುಡಿಸುವವರು ಇಬ್ಬರು.